ಇನ್ಕ್ರಿಮೆಂಟಲ್ ನಡೆಯುತ್ತಿರುವಾಗ ಬೇಕೆಂದಾಗ ಒಂದು ಫುಲ್ ಬ್ಯಾಕಪ್ ತೆಗೆಸುವುದು ಹೇಗೆ?

ಬಿಳಿಹಾಳೆ
ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನಲ್ಲಿ ಡೇಜಾ ಡಪ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ದಿನಾ ಹೊರಗಿನ ಹಾರ್ಡ್ ಡಿಸ್ಕಿಗೆ ಇನ್ಕ್ರಿಮೆಂಟಲ್ ಬ್ಯಾಕಪ್, ಅಂದರೆ ಹಿಂದಿನ ಸಲದಿಂದೀಚೆಗೆ ಬದಲಾದದ್ದು ಮಾತ್ರ, ಹೋಗುತ್ತದೆ. ಒಟ್ಟು 300 ಜಿಬಿ ಹತ್ತಿರ ಇದೆ. ಫೋಟೋ, ಕೆಲಸದ ಫೈಲುಗಳು, ಜೊತೆಗೆ ನಮ್ಮ ಅಜ್ಜಿ ಹೇಳಿದ ಕಥೆಗಳ ರೆಕಾರ್ಡಿಂಗ್. ಅಜ್ಜಿ ಈಗಿಲ್ಲ. ಆ ಆಡಿಯೋ ಹೋದರೆ ಮತ್ತೆ ಸಿಗುವ ಮಾತೇ ಇಲ್ಲ.

ಹೋದ ತಿಂಗಳು ಎರಡು ಸಲ ಬ್ಯಾಕಪ್ ನಡೆಯುವಾಗಲೇ ಯುಎಸ್‌ಬಿ ಕೇಬಲ್ ಕಳಚಿಕೊಂಡಿತು. ಆಮೇಲಿಂದ ದಿನಾ ಎರಡು ಮೂರು ನಿಮಿಷಕ್ಕೆ ಮುಗಿಯಿತು ಎಂದು ತೋರಿಸುತ್ತದೆ. ಆದರೂ ನನಗೆ ಧೈರ್ಯ ಸಾಲುತ್ತಿಲ್ಲ. ಬರುವ ವಾರ ಲ್ಯಾಪ್‌ಟಾಪಿನ ಡಿಸ್ಕ್ ಬದಲಾಯಿಸಬೇಕು. ಅದಕ್ಕೆ ಮುಂಚೆ ಹಳೆಯದರ ಹಂಗಿಲ್ಲದ ಒಂದು ಫುಲ್ ಬ್ಯಾಕಪ್ ಬೇಕು. ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಇರುವುದು ಒಂದೇ ಬಟನ್. ಒತ್ತಿದರೆ ಮತ್ತೆ ಇನ್ಕ್ರಿಮೆಂಟಲ್ಲೇ ಆಗುತ್ತದೆ. ಹಳೆಯ ಬ್ಯಾಕಪ್ ಫೋಲ್ಡರ್ ಅಳಿಸಿಬಿಟ್ಟರೆ ಮೊದಲಿನಿಂದ ಶುರು ಮಾಡುತ್ತದೆ ಅಲ್ವಾ? ಹಾಗೆ ಮಾಡಬಹುದಾ?

ಹಳೇಟರ್ಮಿನಲ್
ಅಳಿಸಬೇಡಿ! ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಇದನ್ನು ಓದಿ, ಆ ಫೋಲ್ಡರನ್ನು ಮುಟ್ಟಬೇಡಿ.

ಕಡತಪಾಲಕ
+1. ಹೊಸ ಫುಲ್ ಅರ್ಧದಲ್ಲಿರುವಾಗ ಲ್ಯಾಪ್‌ಟಾಪಿನ ಡಿಸ್ಕ್ ಕೈಕೊಟ್ಟರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ನೀಲಿಪರದೆ
ಇಷ್ಟೊಂದು ತಲೆಬಿಸಿ ಯಾಕೆ? ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕ್ಯಾಶ್ (ಬ್ಯಾಕಪ್ ಮಾಹಿತಿಯ ನಕಲು) ಇದೆಯಲ್ಲ, ಅದನ್ನು ಅಳಿಸಿ. ಸಾಫ್ಟ್‌ವೇರಿಗೆ ಹಳೆಯದೆಲ್ಲ ಮರೆತುಹೋಗಿ ಫುಲ್ ತೆಗೆಯುತ್ತದೆ.

ಹಳೇಟರ್ಮಿನಲ್
ಆಗುವುದಿಲ್ಲ ನೀಲಿಪರದೆ ಸರ್. ಡೇಜಾ ಡಪ್ ಒಳಗೆ ಕೆಲಸ ಮಾಡುವುದು ಡುಪ್ಲಿಸಿಟಿ. (ಹೊಸ ಆವೃತ್ತಿಗಳಲ್ಲಿ ರೆಸ್ಟಿಕ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕೂಡ ಬಂದಿದೆ. ಅದರ ಲೆಕ್ಕ ಬೇರೆ.) ಡುಪ್ಲಿಸಿಟಿಯ ಕ್ಯಾಶ್ ಅಳಿಸಿದರೆ ಅದು ಬ್ಯಾಕಪ್ ಡಿಸ್ಕಿನಲ್ಲಿರುವ ಮಾಹಿತಿಯನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಆಮೇಲೆ ಎಂದಿನಂತೆ ಇನ್ಕ್ರಿಮೆಂಟಲ್ ಮಾಡುತ್ತದೆ. ಸುಮ್ನೆ ಹೊತ್ತು ಹಾಳು.

ಬಿಳಿಹಾಳೆ ಅವರೇ, ಡುಪ್ಲಿಸಿಟಿ ಹೇಗೆ ನಡೆಯುತ್ತದೆ ಅಂದರೆ: ಮೊದಲು ಒಂದು ಫುಲ್. ಅದರ ಮೇಲೆ ದಿನದಿನದ ಬದಲಾವಣೆ ಮಾತ್ರ. ಒಂದು ಫೈಲಿನಲ್ಲಿ ಎರಡು ಸಾಲು ಬದಲಾಗಿದ್ದರೆ ಆ ತುಂಡು ಮಾತ್ರ ಹೋಗುತ್ತದೆ, ಇಡೀ ಫೈಲ್ ಹೋಗುವುದಿಲ್ಲ. ಇದಕ್ಕೇ ಜಾಗ ಉಳಿಯುತ್ತದೆ. ಇದಕ್ಕೇ ಅಪಾಯವೂ ಇದೆ. ನಲವತ್ತನೆಯ ದಿನದ ಫೈಲ್ ಬೇಕೆಂದರೆ ಫುಲ್ ಬೇಕು, ನಡುವಿನ ಕೊಂಡಿಗಳೂ ಬೇಕು. ಒಂದು ಕೊಂಡಿ ಕೆಟ್ಟರೆ ಅಲ್ಲಿಂದ ಮುಂದಿನದು ಅನುಮಾನ. ಹಿಂದಿನದಕ್ಕೆ ಏನೂ ಆಗಿರುವುದಿಲ್ಲ. ಅದಕ್ಕೇ ಅಳಿಸಬೇಡಿ ಅಂದದ್ದು. ನಿಮ್ಮ ಹಳೆಯ ಸರಪಳಿಯಲ್ಲಿ ಅರ್ಧವಾದರೂ ಗಟ್ಟಿ ಇರುತ್ತದೆ.

ಫುಲ್ ತೆಗೆಸಲು ಎರಡು ದಾರಿ. ಸುಲಭದ್ದು: ಡೇಜಾ ಡಪ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಹೋಗುವ ಜಾಗ ಇದೆಯಲ್ಲ, ಅಲ್ಲಿ ಅದೇ ಡಿಸ್ಕ್ ಇಟ್ಟುಕೊಂಡು ಫೋಲ್ಡರಿನ ಹೆಸರು ಮಾತ್ರ ಹೊಸದು ಕೊಡಿ. ಅಲ್ಲಿ ಯಾವ ಸರಪಳಿಯೂ ಇರುವುದಿಲ್ಲ. ಹಾಗಾಗಿ ಮೊದಲನೆಯದು ಫುಲ್ ಆಗಲೇಬೇಕು. ಹಳೆಯ ಫೋಲ್ಡರ್ ತನ್ನ ಪಾಡಿಗೆ ತಾನಿರುತ್ತದೆ.

ಎರಡನೆಯದು ಟರ್ಮಿನಲ್. ಡುಪ್ಲಿಸಿಟಿಯನ್ನು ನೇರವಾಗಿ ಬಳಸುವವರಿಗೆ ಇದು ಸರಿ. ಕಮಾಂಡಿನಲ್ಲಿ ಡುಪ್ಲಿಸಿಟಿ ಎಂಬ ಹೆಸರಾದ ಕೂಡಲೇ ಫುಲ್ ಎಂಬ ಪದ ಸೇರಿಸಿ, ಆಮೇಲೆ ಮೂಲ ಫೋಲ್ಡರ್, ಕೊನೆಗೆ ಗುರಿ. ಅಷ್ಟೇ. ಆ ಪದ ಇಲ್ಲದಿದ್ದರೆ ಹಳೆಯ ಫುಲ್ ಇದೆಯಾ ಎಂದು ಅದೇ ನೋಡಿಕೊಂಡು ಇನ್ಕ್ರಿಮೆಂಟಲ್ ಮಾಡುತ್ತದೆ.

ಚಿತ್ರಗ್ರಾಹಿ
ಇನ್ನೊಂದು ಉಪಾಯ ಕೇಳಿದ್ದೆ. ಎಲ್ಲ ಫೈಲುಗಳ ಮೇಲೆ ಟಚ್ ಕಮಾಂಡ್ ಓಡಿಸಿದರೆ ದಿನಾಂಕ ಬದಲಾಗುತ್ತದೆ. ಆಗ ಎಲ್ಲವೂ ಹೊಸದು ಎಂದು ಮತ್ತೆ ಬ್ಯಾಕಪ್ ಆಗುತ್ತದೆ ಅಲ್ವಾ?

ಕಡತಪಾಲಕ
ಅಯ್ಯೋ, ಬೇಡ! ಡುಪ್ಲಿಸಿಟಿ ದಿನಾಂಕ ಬದಲಾದ ಫೈಲನ್ನು ತೆರೆದು ನೋಡುತ್ತದೆ. ಒಳಗೆ ಏನೂ ಬದಲಾಗಿಲ್ಲ ಅಂದಾಗ ಚಿಕ್ಕದೊಂದು ಗುರುತು ಬರೆದು ಮುಂದೆ ಹೋಗುತ್ತದೆ. ಫುಲ್ ಆಗುವುದೇ ಇಲ್ಲ. ನಿಮ್ಮ ಎಲ್ಲ ಫೈಲುಗಳ ಹಳೆಯ ದಿನಾಂಕ ಮಾತ್ರ ಹೋಗಿರುತ್ತದೆ. ನಮ್ಮ ಕಚೇರಿಯಲ್ಲಿ ಒಬ್ಬರು ಹೀಗೆ ಮಾಡಿ ಹತ್ತು ವರ್ಷದ ಪತ್ರಗಳೆಲ್ಲ ಒಂದೇ ದಿನ ಬರೆದ ಹಾಗೆ ಕಾಣುತ್ತಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡಲು ಒಂದೊಂದನ್ನೇ ತೆರೆದು ಓದಬೇಕಾಯಿತು.

ಮೋಡಗಣಕ
ನನಗೆ ಈ ಚರ್ಚೆಯೇ ಹಳೆಯ ಕಾಲದ್ದು ಅನಿಸುತ್ತದೆ. ರೆಸ್ಟಿಕ್, ಬೋರ್ಗ್‌ನಂಥ ಬ್ಯಾಕಪ್ ಸಾಫ್ಟ್‌ವೇರ್ ಬಂದ ಮೇಲೆ ಫುಲ್, ಇನ್ಕ್ರಿಮೆಂಟಲ್ ಎಂಬ ಭೇದವೇ ಇಲ್ಲ. ಫೈಲನ್ನು ತುಂಡು ಮಾಡುತ್ತವೆ, ಪ್ರತಿ ತುಂಡಿಗೂ ಹ್ಯಾಶ್ (ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತು) ಹಾಕುತ್ತವೆ, ಇಲ್ಲದ ತುಂಡನ್ನು ಮಾತ್ರ ಸೇರಿಸುತ್ತವೆ. ಪ್ರತಿ ಸ್ನ್ಯಾಪ್‌ಶಾಟೂ, ಅಂದರೆ ಒಂದೊಂದು ಸಲದ ಬ್ಯಾಕಪ್ಪೂ, ಪೂರ್ತಿ. ನಡುವಿನದನ್ನು ಅಳಿಸಿದರೂ ಮುಂದಿನದಕ್ಕೆ ಏನೂ ಆಗುವುದಿಲ್ಲ. ಸರಪಳಿಯೇ ಇಲ್ಲದ ಮೇಲೆ ಕೊಂಡಿ ಕಳಚುವ ಭಯ ಎಲ್ಲಿಂದ? ಬದಲಾಯಿಸಿಕೊಳ್ಳಿ.

ಎರಡನೇಪ್ರತಿ
ಮೋಡಗಣಕ ಅವರೇ, ನೀವು ಹೇಳಿದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲೇ ಜನ ಮೋಸ ಹೋಗುವುದು.

ಅಜ್ಜಿಯ ರೆಕಾರ್ಡಿಂಗ್ ಒಂದೇ ಸಲ ರೆಪೊಸಿಟರಿಗೆ (ಬ್ಯಾಕಪ್ ಇಡುವ ಜಾಗಕ್ಕೆ) ಹೋಗಿದೆ ಅಂದುಕೊಳ್ಳಿ. ಆಮೇಲೆ 200 ಸ್ನ್ಯಾಪ್‌ಶಾಟ್ ಆಗಿದೆ. ಪಟ್ಟಿಯಲ್ಲಿ 200 ಪ್ರತಿ ಕಾಣುತ್ತದೆ. ಡಿಸ್ಕಿನ ಮೇಲೆ ಆ ತುಂಡು ಇರುವುದು ಒಂದೇ ಕಡೆ. ಆ ಜಾಗ ಕೆಟ್ಟರೆ 200 ಸ್ನ್ಯಾಪ್‌ಶಾಟಿನಲ್ಲೂ ಆ ರೆಕಾರ್ಡಿಂಗ್ ಕೆಟ್ಟ ಹಾಗೆ.

ಈಗ ಪ್ರಶ್ನೆಗೆ ಬನ್ನಿ. ರೆಸ್ಟಿಕ್‌ನಲ್ಲಿ ಬ್ಯಾಕಪ್ ಮಾಡುವಾಗ ಫೋರ್ಸ್ ಎಂಬ ಆಯ್ಕೆ ಇದೆ. ಅದನ್ನು ಕೊಟ್ಟರೆ ಫುಲ್ ಆಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಮಾಡುವುದು ಇಷ್ಟೇ: ದಿನಾಂಕ, ಗಾತ್ರ ನೋಡಿ ಫೈಲನ್ನು ಬಿಟ್ಟುಬಿಡುವ ಬದಲು ಪ್ರತಿ ಫೈಲನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಓದಿ ಹ್ಯಾಶ್ ಮಾಡಿ, "ಈ ತುಂಡು ಆಗಲೇ ಇದೆ" ಎಂದು ಇಂಡೆಕ್ಸ್ ಹೇಳಿದರೆ ಮತ್ತೆ ಬರೆಯುವುದಿಲ್ಲ. ಇರುವ ತುಂಡು ಡಿಸ್ಕಿನಲ್ಲಿ ಕೊಳೆತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ಚೆಕ್ ಕಮಾಂಡಿಗೆ ರೀಡ್ ಡೇಟಾ ಆಯ್ಕೆ ಸೇರಿಸಬೇಕು. ಬೋರ್ಗ್‌ನಲ್ಲಿ ಅದೇ ಕೆಲಸಕ್ಕೆ ವೆರಿಫೈ ಡೇಟಾ. ನಿಜವಾಗಿ ಬೇರೆಯದೇ ಒಂದು ಪ್ರತಿ ಬೇಕಾದರೆ ಹೊಸ ರೆಪೊಸಿಟರಿ ಮಾಡಬೇಕು. ಆದರೆ ಬೇರೆ ಡಿಸ್ಕಿನಲ್ಲಿ.

ಮೋಡಗಣಕ
ಒಪ್ಪುತ್ತೇನೆ. ಆದರೆ ವಾರಕ್ಕೊಮ್ಮೆ ಚೆಕ್ ಓಡಿಸುವವರಿಗೆ ಈ ತೊಂದರೆ ಇಲ್ಲ. ಪೂರ್ತಿ ಓದಿಸಲು ಹೊತ್ತಿಲ್ಲದಿದ್ದರೆ ಒಂದೊಂದು ಭಾಗ ಓದಿಸುವ ಆಯ್ಕೆಯೂ ರೆಸ್ಟಿಕ್‌ನಲ್ಲಿ ಇದೆ. ಡುಪ್ಲಿಸಿಟಿಗಿಂತ ಇದೇ ಮೇಲು ಎಂಬ ಮಾತು ನಾನು ಬಿಡುವುದಿಲ್ಲ.

ಎರಡನೇಪ್ರತಿ
ಮೇಲು ಹೌದು. ಚೆಕ್ ಓಡಿಸುವವರು ಎಷ್ಟು ಜನ ಎನ್ನುವುದೇ ನನ್ನ ಚಿಂತೆ.

ಕಾಲುದಾರಿ
ನಾನು ಫೈಲ್ ನಕಲು ಮಾಡುವ ಆರ್‌ಸಿಂಕ್ ಕಮಾಂಡ್ ಬಳಸುತ್ತೇನೆ, ಲಿಂಕ್ ಡೆಸ್ಟ್ ಆಯ್ಕೆ ಕೊಟ್ಟು. ದಿನಕ್ಕೊಂದು ಫೋಲ್ಡರ್. ತೆರೆದು ನೋಡಿದರೆ ಪ್ರತಿ ಫೋಲ್ಡರಿನಲ್ಲೂ ಎಲ್ಲ ಫೈಲುಗಳು ಇರುತ್ತವೆ. ನನಗೆ ದಿನಾ ಫುಲ್ಲೇ.

ಹಳೇಟರ್ಮಿನಲ್
ಇಲ್ಲ ಸರ್, ಅದು ಹಾರ್ಡ್ ಲಿಂಕ್. ಬದಲಾಗದ ಫೈಲಿಗೆ ಮೂವತ್ತು ಫೋಲ್ಡರಿನಲ್ಲಿ ಮೂವತ್ತು ಹೆಸರು, ಡಿಸ್ಕಿನಲ್ಲಿ ವಸ್ತು ಒಂದೇ. ಎಲ್‌ಎಸ್ ಕಮಾಂಡಿಗೆ ಐ ಆಯ್ಕೆ ಕೊಟ್ಟು ಎರಡು ಫೋಲ್ಡರಿನಲ್ಲಿ ಅದೇ ಫೈಲ್ ನೋಡಿ. ಎರಡೂ ಕಡೆ ಐನೋಡ್ ಸಂಖ್ಯೆ (ಡಿಸ್ಕಿನಲ್ಲಿ ಆ ಫೈಲಿನ ಗುರುತು) ಒಂದೇ ಬರುತ್ತದೆ. ಲಿಂಕ್ ಡೆಸ್ಟ್ ಇಲ್ಲದೆ ಖಾಲಿ ಫೋಲ್ಡರಿಗೆ ಒಂದು ಸಲ ಓಡಿಸಿದರೆ ಅದು ನಿಮ್ಮ ನಿಜವಾದ ಫುಲ್.

ಕಾಲುದಾರಿ
ಈಗ ತಾನೇ ನೋಡಿದೆ. ಒಂದೇ ಸಂಖ್ಯೆ. ಮೂರು ವರ್ಷದಿಂದ ನನಗಿದು ಗೊತ್ತೇ ಇರಲಿಲ್ಲ. ಇವತ್ತು ರಾತ್ರಿ ಬೇರೆ ಡಿಸ್ಕಿಗೆ ಒಂದು ಓಡಿಸುತ್ತೇನೆ.

ಸಂಜೆಗಾಳಿ
ವಿಂಡೋಸ್‌ನವರಿಗೂ ಸ್ವಲ್ಪ ಹೇಳಿ ಪ್ಲೀಸ್. ನಮ್ಮಲ್ಲಿ ವೀಮ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಇದೆ.

ಕಡತಪಾಲಕ
ವೀಮ್‌ನಲ್ಲಿ ಇದು ನೇರ ಇದೆ ಮೇಡಂ. ಜಾಬ್ ಮೇಲೆ ಬಲ ಕ್ಲಿಕ್ ಮಾಡಿ, ಆಕ್ಟಿವ್ ಫುಲ್ ಆರಿಸಿ. ಮೂಲದಿಂದ ಎಲ್ಲವನ್ನೂ ಮತ್ತೆ ಓದಿ ಹೊಸ ಸರಪಳಿ ಶುರು ಮಾಡುತ್ತದೆ. ಮನೆಯ ಕಂಪ್ಯೂಟರಿಗೆ ಬರುವ ಏಜೆಂಟಿನಲ್ಲಿ ಸ್ಟ್ಯಾಂಡ್‌ಅಲೋನ್ ಫುಲ್ ಎಂದಿದೆ.

ಸಿಂಥೆಟಿಕ್ ಫುಲ್ ಎಂಬುದೂ ಕಾಣುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಸಿಂಥೆಟಿಕ್ ಎಂದರೆ ಆಗಲೇ ಇರುವ ಹಳೆಯ ಫುಲ್ ಮತ್ತು ಇನ್ಕ್ರಿಮೆಂಟಲ್‌ಗಳನ್ನು ಜೋಡಿಸಿ ಬ್ಯಾಕಪ್ ಜಾಗದಲ್ಲೇ ಹೊಸ ಫುಲ್ ಕಟ್ಟುವುದು. ಮೂಲ ಕಂಪ್ಯೂಟರಿಗೆ ಭಾರ ಬೀಳುವುದಿಲ್ಲ, ನೆಟ್‌ವರ್ಕಿಗೂ ಹಗುರ. ಆದರೆ ಬಿಳಿಹಾಳೆ ಅವರ ಹಾಗೆ "ಹಳೆಯದರ ಮೇಲೆ ನಂಬಿಕೆ ಇಲ್ಲ" ಎಂಬ ಕಾರಣಕ್ಕೆ ಫುಲ್ ಬೇಕಿದ್ದರೆ ಇದು ಉಪಯೋಗಕ್ಕೆ ಬರುವುದಿಲ್ಲ. ಹಳೆಯದರಲ್ಲಿ ಇರುವ ಹುಳುಕು ಹೊಸದಕ್ಕೂ ಬರುತ್ತದೆ.

ದತ್ತಾಂಶಿ
ಡೇಟಾಬೇಸ್ ಕೆಲಸದವಳಾಗಿ ಒಂದು ಮಾತು ಹೇಳಲೇಬೇಕು. ಬೇಕೆಂದಾಗ ಫುಲ್ ತೆಗೆಯುವುದು ಎಲ್ಲ ಕಡೆ ನಿರಪಾಯ ಅಲ್ಲ.

ನಾನು ಮುಂಚೆ ಇದ್ದ ಒಂದು ಕಡೆ ಎಸ್‌ಕ್ಯೂಎಲ್ ಸರ್ವರ್ ಇತ್ತು. ಭಾನುವಾರ ಫುಲ್, ದಿನಾ ರಾತ್ರಿ ಡಿಫರೆನ್ಷಿಯಲ್, ಅಂದರೆ ಕೊನೆಯ ಫುಲ್ ಆದಮೇಲೆ ಬದಲಾದದ್ದೆಲ್ಲ. ಒಬ್ಬ ಹುಡುಗ ಮಂಗಳವಾರ ಮಧ್ಯಾಹ್ನ ಪರೀಕ್ಷೆಗೆಂದು ಒಂದು ಫುಲ್ ತೆಗೆದ. ತನ್ನ ಯಂತ್ರಕ್ಕೆ ಹಾಕಿಕೊಂಡ, ಕೆಲಸ ಮುಗಿದ ಮೇಲೆ ಆ ಫೈಲ್ ಅಳಿಸಿದ. ಅವನ ತಪ್ಪು ಅಂತ ಹೇಳಲಾರೆ, ಯಾರೂ ಅವನಿಗೆ ತಿಳಿಸಿರಲಿಲ್ಲ. ಗುರುವಾರ ಡಿಸ್ಕ್ ಹೋಯಿತು. ಭಾನುವಾರದ ಫುಲ್ ಹಾಕಿದೆವು, ಬುಧವಾರ ರಾತ್ರಿಯ ಡಿಫರೆನ್ಷಿಯಲ್ ಹಾಕಲು ಹೋದರೆ ಒಪ್ಪಲೇ ಇಲ್ಲ. ಯಾಕೆಂದರೆ ಮಂಗಳವಾರದ ಮಧ್ಯಾಹ್ನದಿಂದ ಡಿಫರೆನ್ಷಿಯಲ್‌ಗೆ ಆಧಾರ ಆ ಹುಡುಗ ಅಳಿಸಿದ ಫೈಲ್. ಪುಣ್ಯಕ್ಕೆ ಲಾಗ್ ಬ್ಯಾಕಪ್‌ಗಳು (ಡೇಟಾಬೇಸಿನ ಬದಲಾವಣೆಗಳ ದಾಖಲೆ) ಎಲ್ಲ ಇದ್ದವು. ಫುಲ್ ತೆಗೆದರೆ ಲಾಗ್ ಸರಪಳಿ ಮುರಿಯುವುದಿಲ್ಲ. ಒಂದೊಂದೇ ಲಾಗ್ ಹಾಕುತ್ತಾ ಶುಕ್ರವಾರ ಬೆಳಗಾಯಿತು.

ಇದಕ್ಕೇ ಕಾಪಿ ಓನ್ಲಿ ಎಂಬ ಆಯ್ಕೆ ಇರುವುದು, 2005ರ ಆವೃತ್ತಿಯಿಂದಲೇ ಇದೆ. ಅದನ್ನು ಕೊಟ್ಟು ತೆಗೆದ ಫುಲ್ ಡಿಫರೆನ್ಷಿಯಲ್‌ನ ಆಧಾರವನ್ನು ಬದಲಾಯಿಸುವುದಿಲ್ಲ. ಒರಾಕಲ್ ಡೇಟಾಬೇಸಿನ ಬ್ಯಾಕಪ್ ಸಾಧನ ಆರ್‌ಮ್ಯಾನ್‌ನಲ್ಲಿ ತಿರುಗಾಮುರುಗಾ ಇನ್ನೊಂದು ಗೊಂದಲ: ಫುಲ್ ಎಂದು ತೆಗೆದರೆ ಅದರ ಮೇಲೆ ಇನ್ಕ್ರಿಮೆಂಟಲ್ ಕಟ್ಟಲು ಆಗುವುದೇ ಇಲ್ಲ, ಲೆವೆಲ್ 0 ಎಂದೇ ತೆಗೆಯಬೇಕು. ಒಳಗಿನ ಮಾಹಿತಿ ಎರಡರಲ್ಲೂ ಒಂದೇ.

ಹಳೇಟರ್ಮಿನಲ್
ಲೆವೆಲ್ 0 ಅಂದ ಕೂಡಲೇ ಹಳೆಯ ಯೂನಿಕ್ಸ್ ನೆನಪಾಯಿತು. ಡಂಪ್ ಕಮಾಂಡಿನಲ್ಲಿ 0ರಿಂದ 9ರವರೆಗೆ ಲೆವೆಲ್. 0 ಅಂದರೆ ಫುಲ್. ಫೈಲುಗಳನ್ನು ಒಂದು ಕಟ್ಟು ಮಾಡುವ ಟಾರ್ ಕಮಾಂಡಿನಲ್ಲೂ ಆ ಪದ ಉಳಿದುಕೊಂಡಿದೆ: ಲಿಸ್ಟೆಡ್ ಇನ್ಕ್ರಿಮೆಂಟಲ್ ಬಳಸುವಾಗ ಲೆವೆಲ್ 0 ಕೊಟ್ಟರೆ ತನ್ನ ಗುರುತಿನ ಫೈಲನ್ನು ಖಾಲಿ ಮಾಡಿ ಫುಲ್ ತೆಗೆಯುತ್ತದೆ.

ನೀಲಿಪರದೆ
ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ?

ದತ್ತಾಂಶಿ
ಪಿಜಿ ಬ್ಯಾಕ್‌ರೆಸ್ಟ್ ಎಂಬ ಬ್ಯಾಕಪ್ ಸಾಧನ ಬಳಸುತ್ತಿದ್ದರೆ ಟೈಪ್ ಎಂಬ ಆಯ್ಕೆಗೆ ಫುಲ್ ಕೊಡಿ. ಏನೂ ಕೊಡದಿದ್ದರೆ ಇನ್ಕ್ರಿಮೆಂಟಲ್. ಅದರಲ್ಲಿ ಪ್ರತಿ ಇನ್ಕ್ರಿಮೆಂಟಲ್ಲೂ ತನ್ನ ಮೂಲ ಫುಲ್ ಯಾವುದೆಂದು ಹೆಸರಿನಲ್ಲೇ ಹೊತ್ತಿರುತ್ತದೆ. ಓದಿದರೆ ಗೊತ್ತಾಗುತ್ತದೆ. ನನಗೆ ಆ ಪದ್ಧತಿ ತುಂಬಾ ಇಷ್ಟ.

ಬಿಳಿಹಾಳೆ
ಇಷ್ಟೊಂದು ಉತ್ತರ ಬರುತ್ತದೆ ಎಂದು ಎಣಿಸಿರಲಿಲ್ಲ. ಎಲ್ಲರಿಗೂ ಧನ್ಯವಾದ. ಹಳೇಟರ್ಮಿನಲ್ ಸರ್ ಹೇಳಿದ ಹಾಗೆ ಫೋಲ್ಡರ್ ಹೆಸರು ಬದಲಾಯಿಸುತ್ತೇನೆ. ಡಿಸ್ಕ್ 1 ಟಿಬಿ. ಹಳೆಯದು 390 ಜಿಬಿ ತಿಂದಿದೆ. ಹೊಸದಕ್ಕೆ ಜಾಗ ಇದೆ. ಒಂದು ಪ್ರಶ್ನೆ: ಮುಂದೆಯೂ ನಾನೇ ನೆನಪಿಟ್ಟುಕೊಂಡು ಹೀಗೆ ಮಾಡಬೇಕಾ? ಅದಾಗಿಯೇ ಫುಲ್ ತೆಗೆಯುವುದಿಲ್ಲವಾ?

ಹಳೇಟರ್ಮಿನಲ್
ತೆಗೆಯುತ್ತದೆ, ಸುಮಾರು ಮೂರು ತಿಂಗಳಿಗೊಮ್ಮೆ. ಡುಪ್ಲಿಸಿಟಿಯನ್ನು ನೇರವಾಗಿ ಓಡಿಸುವವರು "ಫುಲ್ ಇಫ್ ಓಲ್ಡರ್ ದ್ಯಾನ್" ಎಂಬ ಆಯ್ಕೆಗೆ ಒಂದು ತಿಂಗಳು ಎಂದು ಕೊಟ್ಟುಬಿಡಬಹುದು. ಕೊನೆಯ ಫುಲ್ ಅದಕ್ಕಿಂತ ಹಳೆಯದಾದಾಗ ಅದೇ ಹೊಸ ಫುಲ್ ತೆಗೆಯುತ್ತದೆ.

ಚಿತ್ರಗ್ರಾಹಿ
ಆ ಆಯ್ಕೆಯಲ್ಲಿ ಒಂದು ಕಡೆ ಹುಷಾರು. ದೊಡ್ಡಕ್ಷರದ ಎಂ ಅಂದರೆ ತಿಂಗಳು, ಚಿಕ್ಕಕ್ಷರದ ಎಂ ಅಂದರೆ ನಿಮಿಷ. ನಾನು 1ರ ಮುಂದೆ ಚಿಕ್ಕ ಎಂ ಬರೆದಿದ್ದೆ. ಒಂದು ನಿಮಿಷಕ್ಕಿಂತ ಹಳೆಯದಾದರೆ ಫುಲ್ ತೆಗೆ ಎಂದಂತಾಯಿತು. ಪ್ರತಿ ರಾತ್ರಿ ಫುಲ್. ಐದನೆಯ ರಾತ್ರಿ ಡಿಸ್ಕ್ ತುಂಬಿ ನಿಂತುಹೋಯಿತು. ಫೈಲುಗಳ ಹೆಸರು ನೋಡಿದಾಗಲೇ ಗೊತ್ತಾದದ್ದು. ಎಲ್ಲವೂ ಡುಪ್ಲಿಸಿಟಿ ಫುಲ್ ಎಂದು ಶುರುವಾಗುತ್ತಿದ್ದವು, ಇಂಕ್ (ಇನ್ಕ್ರಿಮೆಂಟಲ್) ಎಂಬ ಒಂದು ಹೆಸರೂ ಇರಲಿಲ್ಲ.

ಕಡತಪಾಲಕ
ಇದು ಬಿಳಿಹಾಳೆ ಅವರಿಗೂ ಉಪಯೋಗ. ಹೊಸ ಫೋಲ್ಡರ್ ತೆರೆದು ಹೆಸರು ನೋಡಿ. ಫುಲ್ ಆಗಿದ್ದರೆ ಹೆಸರಿನಲ್ಲಿ ಫುಲ್ ಎಂದು, ಪಕ್ಕದಲ್ಲಿ ಒಂದೇ ದಿನಾಂಕ ಇರುತ್ತದೆ. ಇನ್ಕ್ರಿಮೆಂಟಲ್ ಆದರೆ ಎರಡು ದಿನಾಂಕ, ನಡುವೆ ಟು ಎಂದು. ಸಮಯ ಸ್ವಲ್ಪ ಹಿಂದುಮುಂದು ಕಂಡರೆ ಗಾಬರಿ ಬೇಡ, ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ ಬರೆಯುತ್ತದೆ.

ಮೋಡಗಣಕ
ಕ್ಲೌಡಿಗೆ ಕಳಿಸುವವರು ಮೂರು ತಿಂಗಳಿಗೊಮ್ಮೆ ಫುಲ್ ತೆಗೆಯುವುದು ಆಗದ ಮಾತು. ಲೆಕ್ಕ ಹಾಕಿ: 300 ಜಿಬಿ, ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್. 33 ಗಂಟೆಗೂ ಜಾಸ್ತಿ. ಅಷ್ಟು ಹೊತ್ತು ಲ್ಯಾಪ್‌ಟಾಪ್ ಮುಚ್ಚುವ ಹಾಗಿಲ್ಲ.

ಎರಡನೇಪ್ರತಿ
ಅದು ಸರಿಯಾದ ಮಾತು. ಆದರೆ ಸರಪಳಿ ಉದ್ದ ಮಾಡುತ್ತಾ ಹೋದರೆ ಏನಾಗುತ್ತದೆ ಎಂಬ ಲೆಕ್ಕವೂ ಇದೆ. ಒಂದೊಂದು ಕೊಂಡಿ ಸರಿ ಇರುವ ಸಾಧ್ಯತೆ ಸಾವಿರಕ್ಕೆ 999 ಎಂದು ಸುಮ್ನೆ ಇಟ್ಟುಕೊಳ್ಳಿ. 90 ಕೊಂಡಿ ಒಟ್ಟಿಗೆ ಸರಿ ಇರುವ ಸಾಧ್ಯತೆ ನೂರಕ್ಕೆ 91ಕ್ಕೆ ಇಳಿಯುತ್ತದೆ. ಒಂದು ವರ್ಷ ಫುಲ್ ಇಲ್ಲದೆ ಬಿಟ್ಟರೆ ನೂರಕ್ಕೆ 69. ಒಂದು ಕೊಂಡಿಯ ಮಟ್ಟಿಗೆ ಏನೂ ಅಲ್ಲದ ಅಪಾಯ ಸರಪಳಿಯಾದಾಗ ಇಷ್ಟಾಗುತ್ತದೆ.

ಸಂಜೆಗಾಳಿ
ಒಂದು ಅನುಮಾನ. ರಾನ್ಸಮ್‌ವೇರ್ ಬಂದು ಫೈಲುಗಳೆಲ್ಲ ಬೀಗ ಹಾಕಿಕೊಂಡಿರುವಾಗ ಗೊತ್ತಿಲ್ಲದೆ ಫುಲ್ ತೆಗೆದರೆ?

ಎರಡನೇಪ್ರತಿ
ಆಗ ಬೀಗ ಬಿದ್ದ ಫೈಲುಗಳ ಫುಲ್ ನಿಮ್ಮ ಹತ್ತಿರ ಇರುತ್ತದೆ. ಜೊತೆಗೆ "ಕೊನೆಯ ಒಂದು ಫುಲ್ ಸಾಕು, ಮಿಕ್ಕಿದ್ದು ಅಳಿಸು" ಎಂಬ ಸೆಟ್ಟಿಂಗ್ ಇದ್ದರೆ ಒಳ್ಳೆಯ ಹಳೆಯ ಪ್ರತಿಯೂ ಅದೇ ರಾತ್ರಿ ಹೋಗುತ್ತದೆ. ಕಡಿಮೆ ಅಂದರೂ ಎರಡು ಫುಲ್ ಇಟ್ಟುಕೊಳ್ಳಿ. ಅದರಲ್ಲಿ ಒಂದು, ಕಂಪ್ಯೂಟರಿನಿಂದ ಕಳಚಿಟ್ಟ ಡಿಸ್ಕಿನಲ್ಲಿರಲಿ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕಿಗೂ ಬೀಗ ಬೀಳುತ್ತದೆ.

ಪುಟಾಣಿಬೈಟ್
ಮ್ಯಾಕ್‌ನ ಟೈಮ್ ಮಷೀನ್‌ನಲ್ಲಿ ಫುಲ್ ಬಟನ್ ಇದೆಯಾ?

ಕಡತಪಾಲಕ
ಇಲ್ಲ. ಇನ್ನೊಂದು ಡಿಸ್ಕ್ ಸೇರಿಸಿ, ಅದಕ್ಕೆ ಮೊದಲ ಸಲ ಪೂರ್ತಿ ಹೋಗುತ್ತದೆ. ಅದು ಎರಡು ಡಿಸ್ಕಿಗೂ ಸರದಿಯಲ್ಲಿ ಬರೆಯುತ್ತದೆ. ನಿಮಗೆ ಅದೇ ಒಳ್ಳೆಯದು.

ದತ್ತಾಂಶಿ
ಎಲ್ಲರೂ ತೆಗೆಯುವುದರ ಬಗ್ಗೆಯೇ ಮಾತಾಡುತ್ತಿದ್ದೇವೆ. ಬಿಳಿಹಾಳೆ ಅವರೇ, ಫುಲ್ ಮುಗಿದ ಮೇಲೆ ದಯವಿಟ್ಟು ರಿಸ್ಟೋರ್ ಮಾಡಿ ನೋಡಿ. 2017ರ ಜನವರಿ 31ರಂದು ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಲ್ಯಾಬ್ ತಾಣದಲ್ಲಿ ತಪ್ಪಿ ಡೇಟಾಬೇಸ್ ಅಳಿಸಿಹೋಯಿತು. ಅವರಲ್ಲಿ ಬ್ಯಾಕಪ್ಪಿಗೆ ಹಲವು ಏರ್ಪಾಡು ಇದ್ದವು. ದಿನಾ ಡಂಪ್ (ಡೇಟಾಬೇಸಿನ ನಕಲು) ತೆಗೆಯುವ ಏರ್ಪಾಡು ಆವೃತ್ತಿ ಹೊಂದದೆ ಸೋಲುತ್ತಲೇ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಯಾರೋ ಬೇರೆ ಕೆಲಸಕ್ಕೆ ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಕೈಹಿಡಿಯಿತು. ಇದನ್ನೆಲ್ಲ ಅವರೇ ಮುಚ್ಚಿಡದೆ ಬರೆದರು. ಅದಕ್ಕೆ ಅವರ ಮೇಲೆ ನನಗೆ ಗೌರವ.

ನೀಲಿಪರದೆ
300 ಜಿಬಿ ರಿಸ್ಟೋರ್ ಮಾಡಲು ಜಾಗ ಎಲ್ಲಿ? ಎಲ್ಲರ ಹತ್ತಿರವೂ ಇನ್ನೊಂದು ಡಿಸ್ಕ್ ಇರುವುದಿಲ್ಲ.

ದತ್ತಾಂಶಿ
ಪೂರ್ತಿ ಬೇಡ. ಕಳೆದುಕೊಂಡರೆ ತಡೆಯಲಾರೆ ಎನ್ನುವ ಫೋಲ್ಡರ್ ಒಂದನ್ನು ಮಾಡಿ. ಹಳೆಯ ಜಾಗದ ಮೇಲೆ ಬರೆಯಬೇಡಿ, ಖಾಲಿ ಫೋಲ್ಡರಿಗೆ ಹಾಕಿ. ಆಡಿಯೋ ಆದರೆ ತೆರೆದು ಕೇಳಿ.

ಪುಟಾಣಿಬೈಟ್
ಪಾಸ್‌ವರ್ಡ್ ಕೂಡ! ಹೊಸ ಫುಲ್‌ಗೆ ಬೇರೆ ಪಾಸ್‌ವರ್ಡ್ ಕೊಟ್ಟು ಹಳೆಯದನ್ನು ಮರೆತರೆ ಹಳೆಯ ಸರಪಳಿ ತೆರೆಯುವುದಿಲ್ಲ. ಎರಡನ್ನೂ ಕಾಗದದಲ್ಲಿ ಬರೆದಿಡಿ.

ಬಿಳಿಹಾಳೆ
ಮುಗಿಯಿತು. ನಡೆದದ್ದು ಹೇಳುತ್ತೇನೆ.

ಹೊಸ ಫೋಲ್ಡರಿಗೆ ಫುಲ್ ಆಗಲು ನಾಲ್ಕು ಗಂಟೆ ಹಿಡಿಯಿತು. ಹೆಸರುಗಳನ್ನು ನೋಡಿದೆ, ಎಲ್ಲವೂ ಫುಲ್. ಆಮೇಲೆ ರೆಕಾರ್ಡಿಂಗ್ ಫೋಲ್ಡರನ್ನು ಖಾಲಿ ಜಾಗಕ್ಕೆ ರಿಸ್ಟೋರ್ ಮಾಡಿದೆ. 64 ಫೈಲ್ ಬಂದವು, ಲ್ಯಾಪ್‌ಟಾಪಿನಲ್ಲೂ 64. ದತ್ತಾಂಶಿ ಮೇಡಂ ಹೇಳಿದ ಹಾಗೆ ಕೇಳಿದೆ. ಮೂರನೆಯದರಲ್ಲಿ ಕಥೆಯ ನಡುವೆ ಅಜ್ಜಿ ಕೆಮ್ಮಿ, "ಎಲ್ಲಿದ್ದೆ?" ಎಂದು ಕೇಳುತ್ತಾರೆ. ಆ ಕೆಮ್ಮೂ ಹಾಗೇ ಇದೆ.

ಮನಸ್ಸು ತಡೆಯದೆ ಹಳೆಯ ಸರಪಳಿಯನ್ನೂ ಟರ್ಮಿನಲ್‌ನಿಂದ ರಿಸ್ಟೋರ್ ಮಾಡಿ ನೋಡಿದೆ. ಕೊನೆಯ ದಿನದ್ದು ಕೇಳಿದರೆ ಅರ್ಧಕ್ಕೆ ನಿಂತಿತು. ಒಂದು ವಾಲ್ಯೂಮಿನ (ಬ್ಯಾಕಪ್ಪಿನ ಒಂದು ತುಂಡಿನ) ಹ್ಯಾಶ್ ಹೊಂದುತ್ತಿಲ್ಲ ಎಂದಿತು. ಅದರ ದಿನಾಂಕ ಕೇಬಲ್ ಎರಡನೆಯ ಸಲ ಕಳಚಿದ ರಾತ್ರಿಯದೇ. ಅದರ ಹಿಂದಿನ ದಿನದ್ದು ಕೇಳಿದರೆ ಪೂರ್ತಿ ಬಂತು.

ಹಳೇಟರ್ಮಿನಲ್
ನೋಡಿದಿರಾ, ಹಳೆಯದರಲ್ಲೂ ಅಷ್ಟು ಭಾಗ ಗಟ್ಟಿ ಇತ್ತು. ಡಿಸ್ಕ್ ಬದಲಾಯಿಸಿ ಒಂದು ತಿಂಗಳು ಕಳೆಯುವವರೆಗೆ ಅದನ್ನು ಹಾಗೇ ಬಿಡಿ.

ಕಡತಪಾಲಕ
ಆ ಕೇಬಲ್ ಬದಲಾಯಿಸಿದಿರಾ?

ಬಿಳಿಹಾಳೆ
ಹೂಂ, ಫುಲ್ ಶುರು ಮಾಡುವ ಮುಂಚೆ ಮಾಡಿದ ಮೊದಲ ಕೆಲಸ ಅದೇ. ನಾಳೆ ಎರಡನೆಯ ಡಿಸ್ಕ್ ಬರುತ್ತದೆ. ಅದಕ್ಕೂ ಒಂದು ಫುಲ್ ತೆಗೆದು ಕಳಚಿಟ್ಟುಬಿಡುತ್ತೇನೆ.